ಆನೆಗೆ ಪುಟವಿದೆ, ಮಾಸ್ಟರಿಗಿಲ್ಲ

ನಮ್ಮ ತಿತಿಮತಿಯಲ್ಲಿ ಬೇಲಿ ಎರಡು ಬಗೆ. ಒಂದು ಆನೆ ಬಾರದಿರಲಿ ಅಂತ ಹಾಕುವುದು. ಅದಕ್ಕೆ ಸೋಲಾರ್ ಬೇಕು, ಬ್ಯಾಟರಿ ಬೇಕು, ತಂತಿಗೆ ಬಳ್ಳಿ ಹಬ್ಬದಂತೆ ಸವರುತ್ತಿರಬೇಕು. ಇಷ್ಟಾದರೂ ಆನೆ ಒಂದು ಮರ ತಳ್ಳಿ ತಂತಿಯ ಮೇಲೆ ಮಲಗಿಸಿ ಆರಾಮಾಗಿ ಹಲಸಿನ ಬುಡಕ್ಕೆ ಬರುತ್ತದೆ. ಇನ್ನೊಂದು, ಪಕ್ಕದ ಮನೆಯವರ ಮಾತು ಬರಲಿ ಅಂತ ಉಳಿಸಿಕೊಂಡಿರುವುದು. ಹಾಲುವಾಣದ ಗೂಟ, ಅದಕ್ಕೆ ಹಬ್ಬಿದ ಕರಿಮೆಣಸು, ನಡುವೆ ಒಂದು ತಟ್ಟೆ ಕಡುಬು ದಾಟಿಸುವಷ್ಟು ಸಂದು. ಇದಕ್ಕೆ ಯಾವ ರಿಪೇರಿಯೂ ಬೇಡ.

ಈ ಬೇಲಿಯ ಆಚೆ ಹವಾಲ್ದಾರರು. ಸೈನ್ಯ ಅವರನ್ನು ಯಾವತ್ತೋ ನಿವೃತ್ತಿ ಮಾಡಿ ಕಳಿಸಿತು, ಊರು ಮಾತ್ರ ಇನ್ನೂ ಮಾಡಿಲ್ಲ. ನಾನು ಶಾಲೆ ಬಿಟ್ಟರೂ ಅವರ ಬಾಯಲ್ಲಿ ‘ಟೀಚರೇ’. ಕಾಫಿ ಕೊಯ್ಲು ಮುಗಿದು, ಮೆಣಸು ಇಳಿಸಿ, ಹೂಮಳೆ ಯಾವಾಗ ಬಂದೀತು ಅಂತ ಆಕಾಶ ನೋಡುತ್ತ ಕೂರುವ ದಿನಗಳಲ್ಲಿ ನಮ್ಮಿಬ್ಬರಿಗೂ ಕೆಲಸ ಕಡಿಮೆ, ಮಾತು ಜಾಸ್ತಿ.

ಈ ಸಲದ ಮಾತು ನೆಟ್ಟಿನ ವಿಶ್ವಕೋಶದ್ದು. ಹವಾಲ್ದಾರರಿಗೆ ಶಾಲೆಯಲ್ಲಿ ಹಾಕಿ ಕಲಿಸಿದ ಒಬ್ಬ ಡ್ರಿಲ್ ಮಾಸ್ಟರಿದ್ದರು, ಈಗಿಲ್ಲ. ಬೆಂಗಳೂರಿನಲ್ಲಿರುವ ಮೊಮ್ಮಗನಿಗೆ ಹೇಳಿ ಅವರ ಹೆಸರಿನಲ್ಲಿ ಒಂದು ಪುಟ ಮಾಡಿಸಿದ್ದರು. ಮೂರನೆಯ ದಿನ ನೋಡಿದರೆ ಪುಟ ಮಾಯ.

“ಅಳಿಸಿದವನು ಯಾರು ಅಂತ ಹೆಸರೂ ಇಲ್ಲ ಟೀಚರೇ, ಏನೋ ಒಂದು ಅಡ್ಡಹೆಸರು. ಎದುರಿಗೆ ಬಂದು ಹೇಳಲಿ, ಮಾಸ್ಟರು ದೊಡ್ಡವರಲ್ಲ ಅಂತ!”

“ದೊಡ್ಡವರಲ್ಲ ಅಂತ ಅಳಿಸಿಲ್ಲ. ದೊಡ್ಡವರು ಅನ್ನುವುದಕ್ಕೆ ಆಧಾರ ಇಲ್ಲ ಅಂತ ಅಳಿಸಿದ್ದಾರೆ.”

“ಆಧಾರ ನಾನೇ ಇದ್ದೇನಲ್ಲ!”

ಮೊಮ್ಮಗ ಬರೆದಿದ್ದನ್ನು ಫೋನಿನಲ್ಲಿ ತೋರಿಸಿದರು. ಮೊದಲ ವಾಕ್ಯಕ್ಕೇ ಮಾಸ್ಟರು ‘ಕೊಡಗಿನ ಹಾಕಿ ಭೀಷ್ಮ’. ಎರಡನೆಯದಕ್ಕೆ ‘ಶಿಸ್ತಿನ ಸಾಕಾರಮೂರ್ತಿ’. ಹುಟ್ಟಿದ್ದು ‘ಸುಸಂಸ್ಕೃತ ಮನೆತನದಲ್ಲಿ’. ಯಾವ ಊರು, ಯಾವ ಇಸವಿ, ಸುದ್ದಿಯಿಲ್ಲ. ಕಲಿಸಿದ್ದು ‘ಅಸಂಖ್ಯಾತ’ ಹುಡುಗರಿಗೆ. ಒಬ್ಬನ ಹೆಸರೂ ಇಲ್ಲ. ಕೊನೆಗೆ, ಅವರ ಅಗಲಿಕೆ ಕ್ರೀಡಾಲೋಕಕ್ಕೆ ತುಂಬಲಾರದ ನಷ್ಟ. ನಾನು ಇಡೀ ಜೀವಮಾನ ಕೆಂಪು ಪೆನ್ನು ಹಿಡಿದವಳು. ವಿಶೇಷಣಗಳನ್ನೆಲ್ಲ ಮನಸ್ಸಿನಲ್ಲೇ ಹೊಡೆದುಹಾಕಿ ನೋಡಿದೆ. ಉಳಿದದ್ದು ಇಷ್ಟು: ಒಬ್ಬರಿದ್ದರು, ಹಾಕಿ ಕಲಿಸಿದರು, ತೀರಿಕೊಂಡರು. ಸನ್ಮಾನಪತ್ರ ಓದಿ ಓದಿ ನಮಗೆ ಮನುಷ್ಯನ ಬಗ್ಗೆ ಹೀಗೇ ಬರೆಯಬೇಕು ಅಂತ ಅಭ್ಯಾಸವಾಗಿಬಿಟ್ಟಿದೆ. ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಓದಿ, ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುವ ಆ ಕಾಗದದಲ್ಲಿ ಹುಟ್ಟಿದ ತಾರೀಖು ಹುಡುಕಿದರೆ ಸಿಗುವುದಿಲ್ಲ. ಅಳಿಸಿದ ಪುಣ್ಯಾತ್ಮ ಯಾರೇ ಇರಲಿ, ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು ಅಂತ ಒಳಗೊಳಗೇ ಹೆಮ್ಮೆಪಟ್ಟೆ. ಹವಾಲ್ದಾರರಿಗೆ ಹೇಳಲಿಲ್ಲ.

ಅವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು.

“ದಸರೆ ಆನೆಗೆ ಪುಟ ಇದೆ ಟೀಚರೇ! ಬಲರಾಮನಿಗಿದೆ, ಅರ್ಜುನನಿಗಿದೆ. ದ್ರೋಣ ಅಂತ ಹೆಸರಿಟ್ಟ ಆನೆಗೂ ಇದೆ. ಮಕ್ಕಳಿಗೆ ವಿದ್ಯೆ ಹೇಳಿಕೊಟ್ಟ ದ್ರೋಣನಿಗೆ ಇಲ್ಲ!”

ಮಾತು ಚೆನ್ನಾಗಿದೆ. ಆದರೆ ಆನೆಯ ವಿಷಯದಲ್ಲಿ ನಮ್ಮವರು ಎಷ್ಟು ಚೊಕ್ಕವಾಗಿ ಲೆಕ್ಕ ಇಡುತ್ತಾರೆ ನೋಡಿ. ದ್ರೋಣ 1998ರಲ್ಲಿ ವಿದ್ಯುತ್ ತಂತಿ ತಗುಲಿ ಸತ್ತಿತು. 1999ರಿಂದ 2011ರವರೆಗೆ ಅಂಬಾರಿ ಹೊತ್ತದ್ದು ಬಲರಾಮ. 2012ರಿಂದ 2019ರವರೆಗೆ ಅರ್ಜುನ. ಅದು 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಪ್ರಾಣಬಿಟ್ಟಿತು. 2020ರಿಂದ ಅಂಬಾರಿ ನಮ್ಮ ಪಕ್ಕದ ಮತ್ತಿಗೋಡು ಶಿಬಿರದ ಅಭಿಮನ್ಯುವಿನ ಮೇಲೆ ಬಂತು. ಮೈಸೂರಿಗೆ ಹೋದ ಕೂಡಲೇ ಧನ್ವಂತರಿ ರಸ್ತೆಯ ವೇಬ್ರಿಜ್ ಮೇಲೆ ನಿಲ್ಲಿಸಿ ತೂಕ ಹಾಕುತ್ತಾರೆ. ಮರುದಿನ ಎಲ್ಲ ಪತ್ರಿಕೆಯಲ್ಲೂ ಅಚ್ಚು, ಐದು ಸಾವಿರ ಕಿಲೋ ದಾಟಿತು, ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು. ಮಾವುತ ಯಾರು, ಕಾವಾಡಿ ಯಾರು, ಯಾವ ಇಸವಿಯಲ್ಲಿ ಯಾವ ಕಾಡಿನಲ್ಲಿ ಹಿಡಿದದ್ದು, ಎತ್ತರ ಎಷ್ಟು, ಎಲ್ಲವೂ ಇದೆ.

“ಮಾಸ್ಟರ ತೂಕವನ್ನು ಯಾರು ಹಾಕಿಸಿದ್ದರು?” ಅಂದೆ.

“ಅವರು ಕಡ್ಡಿ. ವಿಷಲ್ಲಿಗೆ ಕೈಕಾಲು ಬಂದ ಹಾಗಿದ್ದರು,” ಅಂದರು ಹವಾಲ್ದಾರರು. ನೋಡಿ, ಒಂದು ಪುಟದ ಸಾಕಾರಮೂರ್ತಿಗಿಂತ ಈ ಒಂದು ಮಾತಿನಲ್ಲಿ ಮಾಸ್ಟರು ಎಷ್ಟು ಸ್ಪಷ್ಟವಾಗಿ ಕಂಡರು! ಆದರೆ ಇದನ್ನೂ ವಿಶ್ವಕೋಶಕ್ಕೆ ಹಾಕುವಂತಿಲ್ಲ.

ಶಿಷ್ಯರಿಗೆ ಸಿಕ್ಕ ಬೆಲೆ ಗುರುವಿಗೆ ತಡವಾಗಿಯೇ ಸಿಗುತ್ತದೆ ಅನ್ನುವುದಕ್ಕೆ ಸರ್ಕಾರವೇ ಸಾಕ್ಷಿ. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿ ಶುರುವಾಯಿತು. ಕೋಚುಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅಂದರೆ ಅರ್ಜುನ ಇಪ್ಪತ್ತನಾಲ್ಕು ವರ್ಷ ಗುರುವೇ ಇಲ್ಲದೆ ಬಾಣ ಬಿಡುತ್ತಿದ್ದ. ನಮ್ಮ ಕೊಡಗಿನ ಸಿ. ಎ. ಕುಟ್ಟಪ್ಪ ಅವರಿಗೆ 2018ರಲ್ಲಿ ಆ ದ್ರೋಣಾಚಾರ್ಯ ಬಂತು, ಅದು ಬಾಕ್ಸಿಂಗಿಗೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳ ಹಾಕಿ ತಂಡ ನಾಲ್ಕನೆಯ ಸ್ಥಾನಕ್ಕೆ ಬಂತಲ್ಲ, ಆಗ ಸಹಾಯಕ ಕೋಚ್ ಆಗಿದ್ದವರು ನಮ್ಮ ಜಿಲ್ಲೆಯ ಅಂಕಿತಾ ಸುರೇಶ್. ಊರಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳಿ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ತಂದ ತಂಡದ ಕ್ಯಾಪ್ಟನ್ ಎಂ. ಪಿ. ಗಣೇಶ್, ಮುಂದೆ ಭಾರತ ತಂಡಕ್ಕೇ ಕೋಚ್ ಆದವರು, 2020ರಲ್ಲಿ ಪದ್ಮಶ್ರೀ ಪಡೆದವರು. ಅವರ ಆಟದ ಕಥೆ ಹೇಳುವವರು ಬೇಕಾದಷ್ಟು ಸಿಗುತ್ತಾರೆ, ಕೋಚಿಂಗಿನ ಕಥೆ ಹೇಳುವವರು ಸಿಗುವುದಿಲ್ಲ. ಗೋಲು ಕಣ್ಣಿಗೆ ಬೀಳುತ್ತದೆ. ಹಿಂದಿನ ದಿನ ಬೆಳಗಿನ ಜಾವ ಮಂಜಿನಲ್ಲಿ ಓಡಿಸಿದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಮೊಮ್ಮಗ ಅಜ್ಜನನ್ನು ಸಮಾಧಾನ ಮಾಡಲು ಅಲ್ಲಿನ ಕೆಲವು ಪುಟ ತೋರಿಸಿದ್ದನಂತೆ. ಅದರಿಂದ ಸಿಟ್ಟು ಇನ್ನೂ ಏರಿತು. ಅಲ್ಲಿ ಫುಟ್‌ಬಾಲ್ ಅಂದರೆ ಬೇರೆಯೇ ಆಟ: ತಲೆಗೆ ಹೆಲ್ಮೆಟ್, ಭುಜಕ್ಕೆ ಮೆತ್ತೆ, ಚೆಂಡು ಮೊಟ್ಟೆಯ ಆಕಾರ, ಕೆಲಸವೆಲ್ಲ ಕೈಯದು. ನೂರಿಪ್ಪತ್ತು ವರ್ಷದ ಹಿಂದೆ ಯಾವುದೋ ಕಾಲೇಜಿಗೆ ಒಂದೇ ಒಂದು ಸೀಸನ್ ಕೋಚ್ ಆಗಿ, ಆಮೇಲೆ ವಕೀಲಿಕೆಗೋ ವೈದ್ಯವೃತ್ತಿಗೋ ಹೋದವನಿಗೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪುಟ ಇದೆ. ಪುಟದ ಬಲಗಡೆ ಚೌಕದಲ್ಲಿ ಗೆದ್ದದ್ದು ಇಷ್ಟು, ಸೋತದ್ದು ಇಷ್ಟು, ಸಮ ಇಷ್ಟು.

“ಸೋತದ್ದನ್ನೂ ಹಾಕಿದ್ದಾರೆ ಟೀಚರೇ, ಮಾನ ಮರ್ಯಾದೆ ಇಲ್ಲದೆ!”

ಅದೇ ಅಲ್ಲಿಯ ಗುಟ್ಟು. ಬ್ಯಾಸ್ಕೆಟ್‌ಬಾಲ್ ಆಟವನ್ನೇ 1891ರಲ್ಲಿ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್, ಕಾನ್ಸಾಸ್ ವಿಶ್ವವಿದ್ಯಾಲಯದ ಕೋಚ್ ಆಗಿ ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಕೋಚ್ ಅವರೊಬ್ಬರೇ. ಆಟ ಕಂಡುಹಿಡಿದವರು ಅಂತ ಐದು ಸೋಲನ್ನು ಮುಚ್ಚಿಡುವ ಉಪಕಾರವನ್ನೂ ಯಾರೂ ಮಾಡಲಿಲ್ಲ. ಅಮೋಸ್ ಅಲೋಂಜೊ ಸ್ಟ್ಯಾಗ್ ಅನ್ನುವವರು ಶಿಕಾಗೋದಲ್ಲಿ 1892ರಿಂದ 1932ರವರೆಗೆ ಫುಟ್‌ಬಾಲ್ ಕೋಚ್. ಎಪ್ಪತ್ತಾಯಿತು ಅಂತ ಮನೆಗೆ ಕಳಿಸಿದರೆ ಇನ್ನೊಂದು ಕಾಲೇಜಿಗೆ ಹೋಗಿ ಮತ್ತೆ ಕೋಚ್ ಆದರು. ಬದುಕಿದ್ದು 102 ವರ್ಷ. ಜಾನ್ ಹೈಸ್‌ಮನ್ ಕೋಚ್ ಆಗಿದ್ದ ಜಾರ್ಜಿಯಾ ಟೆಕ್ 1916ರಲ್ಲಿ ಕಂಬರ್‌ಲ್ಯಾಂಡ್ ಕಾಲೇಜನ್ನು 222–0 ಅಂತರದಲ್ಲಿ ಹೊಡೆದುಹಾಕಿತು. ಇದೆಲ್ಲ ಈಗಿನವರಿಗೆ ಹೇಗೆ ಗೊತ್ತು ಅಂದರೆ, ಕಾಲೇಜು ಪ್ರತಿವರ್ಷ ಪುಸ್ತಕ ಅಚ್ಚು ಹಾಕಿಸುತ್ತಿತ್ತು, ಊರಿನ ಪತ್ರಿಕೆ ಸೋಮವಾರ ಸ್ಕೋರು ಹಾಕುತ್ತಿತ್ತು, ಗ್ರಂಥಾಲಯ ಅದನ್ನು ರದ್ದಿಗೆ ಹಾಕದೆ ಇಟ್ಟುಕೊಂಡಿತು. ಈಗ ಸಂಪಾದನೆಗೆ ಕೂತವನಿಗೆ ಇದು ಬೇಯಿಸಿಟ್ಟ ಅನ್ನ.

ಸ್ಕೋರಿನ ಮಾತು ಬಂದಾಗ ಹವಾಲ್ದಾರರು ಬಿಡುವವರಲ್ಲ. “ನಾವು ಅದೇ ಅಮೆರಿಕಕ್ಕೆ ಅವರ ಮನೆಯಲ್ಲೇ ಇಪ್ಪತ್ತನಾಲ್ಕು ಗೋಲು ಹೊಡೆದಿಲ್ಲವಾ?” ಹೌದು, 1932, ಲಾಸ್ ಏಂಜಲೀಸ್ ಒಲಿಂಪಿಕ್ಸ್, 24–1. ರೂಪ್ ಸಿಂಗ್ ಹತ್ತು, ಧ್ಯಾನ್ ಚಂದ್ ಎಂಟು. ಹಾಕಿಗೆ ಬಂದಿದ್ದದ್ದೇ ಮೂರು ತಂಡ, ಹಾಗಾಗಿ ಇಪ್ಪತ್ತನಾಲ್ಕು ಗೋಲು ತಿಂದ ಅಮೆರಿಕಕ್ಕೂ ಕಂಚಿನ ಪದಕ ಸಿಕ್ಕಿತು! ನಮ್ಮ ತಂಡದ ಕ್ಯಾಪ್ಟನ್ ಲಾಲ್ ಷಾ ಬೊಖಾರಿ ಅಂತ ದಾಖಲೆ ಹೇಳುತ್ತದೆ. ಸರಿ, ಧ್ಯಾನ್ ಚಂದ್ ಕೈಗೆ ಸ್ಟಿಕ್ ಹಿಡಿಸಿ ತಿದ್ದಿದವರು? ಸೈನ್ಯದ ಸುಬೇದಾರ್ ಮೇಜರ್ ಬಾಲೆ ತಿವಾರಿ. ಈ ಹೆಸರು ನಮ್ಮವರೆಗೆ ಬಂದದ್ದೇ ಶಿಷ್ಯ ಮರೆಯಲಿಲ್ಲ ಅನ್ನುವ ಕಾರಣಕ್ಕೆ. ಧ್ಯಾನ್ ಚಂದ್ ‘ಗೋಲ್’ ಅಂತ ಆತ್ಮಕಥೆ ಬರೆದರು, 1952ರಲ್ಲಿ ಅಚ್ಚಾಯಿತು, ಅದರಲ್ಲಿ ಗುರುವಿಗೆ ಜಾಗ ಕೊಟ್ಟರು.

ಸುಬೇದಾರ್ ಅಂದ ಕೂಡಲೇ ಹವಾಲ್ದಾರರ ಬೆನ್ನು ನೆಟ್ಟಗಾಯಿತು. “ನೋಡಿ, ಫೌಜಿನವರು ಫೌಜಿನವರನ್ನು ಮರೆಯಲ್ಲ.”

“ಮರೆಯದಿದ್ದರೆ ಸಾಲದು ಹವಾಲ್ದಾರರೇ, ಬರೆದರು. ನೀವು ಇಷ್ಟು ವರ್ಷದಲ್ಲಿ ಮಾಸ್ಟರ ಬಗ್ಗೆ ಒಂದು ಸಾಲು ಬರೆದಿದ್ದೀರಾ?”

“ಹೇಳಿದ್ದೇನಲ್ಲ, ಎಲ್ಲರಿಗೂ!”

ಹೇಳುವುದರಲ್ಲಿ ಕೊಡಗು ಹಿಂದೆ ಬಿದ್ದದ್ದು ಯಾವಾಗ! ಸಾಯುವವರ, ಹುಟ್ಟುವವರ, ಮದುವೆಯಾಗುವವರ ಹಾಡೆಲ್ಲ ಬಾಯಿಂದ ಬಾಯಿಗೇ ಬಂದದ್ದು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಅನ್ನುವವರು ಹಾಡುವವರನ್ನು ಹುಡುಕಿಕೊಂಡು ಹೋಗಿ, ಕೇಳಿ, ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರು. ಇವತ್ತು ಯಾವ ಪದ್ಧತಿಗೆ ಜಗಳವಾದರೂ ಆ ಪುಸ್ತಕ ತೆಗೆದು ನೋಡುತ್ತಾರೆ. ಪೊಲೀಸರು ಹೇಳಿಕೆ ಬರೆದುಕೊಳ್ಳುವ ಅಭ್ಯಾಸ ಒಮ್ಮೆಯಾದರೂ ಇಷ್ಟು ಒಳ್ಳೆಯ ಕೆಲಸಕ್ಕೆ ಬಂತಲ್ಲ ಅಂತ ನನಗೆ ಖುಷಿ. ಹಾಕಿಗೆ ಅಂಥ ಒಬ್ಬ ಪೊಲೀಸ್ ಇನ್ನೂ ಸಿಕ್ಕಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಶುರುಮಾಡಿದಾಗ ಆಡಿದ್ದು 60 ಮನೆತನ. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ ಬಂದದ್ದು 360. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗ. ಕಪ್ ಯಾವ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಹೋಯಿತು ಅಂತ ಎಲ್ಲರಿಗೂ ಬಾಯಿಪಾಠ. ಆ ಒಕ್ಕಕ್ಕೆ ಆಟ ಹೇಳಿಕೊಟ್ಟವರು ಯಾರು ಅಂತ ಕೇಳಿದರೆ, “ಹೇಳಿಕೊಡುವುದೇನು, ರಕ್ತದಲ್ಲೇ ಇದೆ” ಅನ್ನುತ್ತಾರೆ. ಈ ರಕ್ತದ ಮಾತು ಕೇಳಿದರೆ ನನಗೆ ರೇಗುತ್ತದೆ. ರಕ್ತಕ್ಕೆ ರಿವರ್ಸ್ ಸ್ಟಿಕ್ ಬರುವುದಿಲ್ಲ. ಯಾರೋ ಒಬ್ಬರು ಬೈದು ಕಲಿಸಿರುತ್ತಾರೆ.

“ಹಾಗಾದರೆ ನಾನೇ ಬರೆದು ನಾನೇ ಹಾಕುತ್ತೇನೆ,” ಅಂದರು.

ಅದೂ ಕಷ್ಟ. ತನ್ನವರ ಬಗ್ಗೆ ತಾನೇ ಬರೆಯಬಾರದು, ಹೊರಗಿನವರು ಬರೆಯಬೇಕು ಅನ್ನುವುದು ನೆಟ್ಟಿನ ವಿಶ್ವಕೋಶದ ಕ್ರಮ. ಮಾಸ್ಟರು ಹವಾಲ್ದಾರರ ತಾಯಿಯ ಕಡೆಯಿಂದ ಏನೋ ಆಗಬೇಕು.

“ಕೊಡಗಿನಲ್ಲಿ ನೆಂಟನಲ್ಲದವನನ್ನು ಎಲ್ಲಿಂದ ತರುವುದು ಟೀಚರೇ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೊಬ್ಬಳು ಹುಣಸೂರಿನ ಕಡೆಯವಳು ಇದ್ದೇನೆ ಅಂದೆ. ಕೆಲಸ ತಲೆಗೆ ಬಿತ್ತು.

ಹೆಸರಿನ ತೊಡಕು ಬೇರೆ. ಇಲ್ಲಿ ಹೆಸರು ಕೆಲವೇ, ಜನ ಬಹಳ. ಪೂಣಚ್ಚ ಅಂತ ಹುಡುಕಿದರೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ, ಮುಖ್ಯಮಂತ್ರಿಯಾಗಿದ್ದ ಚೆಪ್ಪುಡಿರ ಪೂಣಚ್ಚ ಸಿಗುತ್ತಾರೆ. ಒಲಿಂಪಿಕ್ಸಿನಲ್ಲಿ ಹಾಕಿ ಆಡಿದ ಚೆಪ್ಪುಡಿರ ಪೂಣಚ್ಚ ಬೇರೆ. ಮನೆ ಹೆಸರೂ ಒಂದೇ! ಮಧ್ಯದ ಒಂದಕ್ಷರ ತಪ್ಪಿದರೆ ಹಾಕಿ ಆಟಗಾರ ವಿಧಾನಸಭೆಯಲ್ಲಿ ಬಜೆಟ್ ಮಂಡಿಸುತ್ತಾನೆ. ನಮ್ಮ ಮಾಸ್ಟರ ಹೆಸರೂ ಊರಿಗೆ ನಾಲ್ಕು ಜನಕ್ಕಿರುವಂಥದ್ದೇ. ಇನ್ನು ಜನ್ಮದಿನ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಹುಡುಗನ ಹಲ್ಲು ನೋಡಿ ಜೂನ್ ಒಂದು ಅಂತ ಬರೆಯುತ್ತಿದ್ದರು. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಅದೇ ದಿನ ಹುಟ್ಟಿದ್ದು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಹವಾಲ್ದಾರರು ಕೇಳಿದ್ದು ನ್ಯಾಯವೇ. ಹಳೆಯ ಕಾಲದ ವಿಶ್ವಕೋಶಕ್ಕೆ ಬಾಗಿಲಲ್ಲಿ ಕಾವಲಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕು ಸಂಪುಟ ಮುಗಿಯುವ ಹೊತ್ತಿಗೆ ಮೊದಲನೆಯದನ್ನು ಓದಿದವರ ಮಕ್ಕಳಿಗೆ ಮದುವೆಯಾಗಿತ್ತು. ಪ್ರತಿ ಲೇಖನದ ಹಿಂದೆ ಒಬ್ಬ ವಿದ್ವಾಂಸ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬಾಗಿಲೇ ಇಲ್ಲ. ಯಾರು ಬೇಕಾದರೂ ‘ಸಂಪಾದಿಸಿ’ ಒತ್ತಿ ಒಳಗೆ ಬರಬಹುದು. ಬಂದವರು ಕೂತು ಮಾತಾಡುವ ಜಾಗಕ್ಕೆ ಅವರು ಇಟ್ಟ ಹೆಸರು ಅರಳಿ ಕಟ್ಟೆ. ಕಟ್ಟೆಯಲ್ಲಿ ಹರಟೆ ಹೊಡೆಯುವವರೂ ಬರುತ್ತಾರೆ, ಕಲ್ಲು ಹೊಡೆಯುವವರೂ ಬರುತ್ತಾರೆ. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಕೆನೆಡಿ ಕೊಲೆಯಲ್ಲಿ ಇವರ ಮೇಲೆ ಅನುಮಾನವಿತ್ತು ಅಂತ ಯಾರೋ ತಮಾಷೆಗೆ ಬರೆದುಬಿಟ್ಟರು. ನಾಲ್ಕು ತಿಂಗಳು ಅದು ಹಾಗೇ ಇತ್ತು. ಬದುಕಿರುವವರ ಜೀವನಚರಿತ್ರೆಗೆ ವಿಕಿಪೀಡಿಯದ ನಿಯಮ ಬಿಗಿಯಾದದ್ದು ಆಮೇಲೆ. ನಮ್ಮಲ್ಲಿ 2022ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಎದುರು ಕ್ರಿಕೆಟಿಗ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟದ್ದೇ ತಡ, ಆ ಹುಡುಗನ ಪುಟಕ್ಕೆ ನುಗ್ಗಿ ಇಲ್ಲದ ದೇಶದ್ರೋಹದ ನಂಟು ಅಂಟಿಸಿದರು; ಕೇಂದ್ರ ಸರ್ಕಾರ ವಿಕಿಪೀಡಿಯದವರನ್ನು ಕರೆಸಿ ಕೇಳುವವರೆಗೆ ಹೋಯಿತು. ಆಟಗಾರನಿಗೇ ಹೀಗಾದರೆ ಸೋತ ರಾತ್ರಿ ಕೋಚಿನ ಪುಟ ಏನಾಗಬೇಡ? ನಮ್ಮ ಹಾಕಿಗೆ ಹೊರದೇಶದಿಂದಲೇ ಎಷ್ಟು ಜನ ಬಂದು ಹೋದರು: ಬ್ರಾಸಾ, ನಾಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನೆ, ರೀಡ್, ಈಗ ಫುಲ್ಟನ್. ವಾನ್ ಆಸ್ 2015ರಲ್ಲಿ ಬಂದವರು ಆ ವರ್ಷವೂ ತುಂಬಿಸಲಿಲ್ಲ. ಇವರ ಪುಟಗಳಲ್ಲಿ ‘ಹಾಲಿ’ ಇದ್ದದ್ದನ್ನು ‘ಮಾಜಿ’ ಮಾಡುವುದೇ ಒಬ್ಬನಿಗೆ ಪೂರ್ಣಾವಧಿ ಉದ್ಯೋಗವಾದೀತು.

“ಮಾಸ್ಟರ ಪುಟಕ್ಕೆ ಯಾರು ಕಲ್ಲು ಹೊಡೆಯುತ್ತಾರೆ ಟೀಚರೇ? ಏಟು ತಿಂದವರೆಲ್ಲ ಈಗ ಮುದುಕರು.”

ಹುಡುಕುವ ಕೆಲಸ ಶುರುವಾಯಿತು. ಅಟ್ಟದ ಮೇಲಿನ ಸೈನ್ಯದ ಕಪ್ಪು ಟ್ರಂಕಿನಿಂದ ಒಂದು ಪತ್ರಿಕೆಯ ತುಣುಕು ಸಿಕ್ಕಿತು. ಶಾಲಾ ತಂಡದ ಫೋಟೊ, ಹಿಂದಿನ ಸಾಲಿನ ಕೊನೆಯಲ್ಲಿ ಮಾಸ್ಟರು. ಕೆಳಗೆ ಹೆಸರೂ ಇದೆ. ಚಿನ್ನ ಸಿಕ್ಕ ಹಾಗಾಯಿತು. ಆದರೆ ಯಾರೋ ಅಂದ ನೋಡಿ ಸುತ್ತಲೂ ಕತ್ತರಿಸಿದ್ದರಲ್ಲಿ ಪತ್ರಿಕೆಯ ಹೆಸರೂ ತಾರೀಖೂ ಹೋಗಿವೆ. ಹಿಂದೆ ತಿರುಗಿಸಿದರೆ ಸಿನಿಮಾ ಜಾಹೀರಾತಿನ ಅರ್ಧ: ‘ಬಂಗಾರದ ಮನುಷ್ಯ’. ಸರಿ, 1972 ಅಂತ ಹವಾಲ್ದಾರರು ಕುಣಿದರು. ನಾನು ತಣ್ಣೀರು ಎರಚಬೇಕಾಯಿತು. ಆ ಸಿನಿಮಾ ಬೆಂಗಳೂರಿನಲ್ಲೇ ಎರಡು ವರ್ಷ ಓಡಿದ್ದು. ನಮ್ಮ ಕಡೆಯ ಟಾಕೀಸುಗಳಿಗೆ ಎಷ್ಟು ಸಲ ಬಂತೋ ರಾಜ್‌ಕುಮಾರರೇ ಬಲ್ಲರು. ಬೇರೆ ಸಿನಿಮಾ ಆಗಿದ್ದರೆ ವಾರ ಸಮೇತ ಹೇಳಬಹುದಿತ್ತು!

ಮಡಿಕೇರಿಯ ‘ಶಕ್ತಿ’ ಪತ್ರಿಕೆ 1957ರಿಂದ ಬರುತ್ತಿದೆ, ಹಳೆಯ ಸಂಚಿಕೆ ಎಲ್ಲಾದರೂ ನೋಡಲು ಸಿಕ್ಕರೆ ಒಂದೊಂದೇ ತಿರುವಿ ನೋಡೋಣ ಅಂದೆ. ಅಷ್ಟರೊಳಗೆ ನೀವು ಕಂಡದ್ದನ್ನು ಬರೆದಿಡಿ, ವಿಶೇಷಣ ಬೇಡ, ಇಸವಿ ಬೇಕು, ಯಾವ ಊರಿನ ಯಾವ ಮೈದಾನ, ಯಾರು ಯಾರು ಆಡಿದಿರಿ, ಎಷ್ಟು ಗೋಲು. ಅದು ಪತ್ರಿಕೆಯಲ್ಲೋ ಹಾಕಿ ಹಬ್ಬದ ಸ್ಮರಣ ಸಂಚಿಕೆಯಲ್ಲೋ ಅಚ್ಚಾಗಲಿ. ವಿಶ್ವಕೋಶದ ಮಾತು ಆಮೇಲೆ. ಅವರು ಅಲ್ಲೇ ಬೇಲಿಗೆ ಆತುಕೊಂಡು ಶುರುಮಾಡಿಬಿಟ್ಟರು: ವಿರಾಜಪೇಟೆಯಲ್ಲಿ ಸೆಮಿಫೈನಲ್, ಮೂರು–ಎರಡು, ಕೊನೆಯ ಗೋಲು ತನ್ನದು, ಮಾಸ್ಟರು ಅವತ್ತು ಮೊದಲ ಸಲ ಶಹಬ್ಬಾಸ್ ಅಂದರು.

ಒಳಗಿನಿಂದ ಹವಾಲ್ದಾರರ ಹೆಂಡತಿ, ನಾನು ಅಕ್ಕ ಅನ್ನುವವರು, ಬಂದರು, ಕೈಯಲ್ಲಿ ಮೊರ. “ಮೂರು–ಎರಡಲ್ಲ, ಎರಡು–ಒಂದು. ಗೋಲು ಹೊಡೆದದ್ದು ನನ್ನ ಅಣ್ಣ.”

“ನಿನಗೇನು ಗೊತ್ತು? ನೀನು ಅಲ್ಲಿದ್ದೆಯಾ?”

“ಇರಲಿಲ್ಲ. ಅವತ್ತು ಹೆಣ್ಣು ನೋಡಲು ನಮ್ಮ ಮನೆಗೆ ಬರುತ್ತೇವೆ ಅಂದವರು ನೀವು. ರಜೆಯಲ್ಲಿ ಬಂದವರು ಮನೆಗೆ ಬರುವುದು ಬಿಟ್ಟು ಹಳೆಯ ಹುಡುಗರ ಮ್ಯಾಚು ಅಂತ ಹೋದಿರಿ. ಅಣ್ಣ ಸಂಜೆ ಬಂದು ಎಲ್ಲ ಹೇಳಿದ. ಆ ಇಸವಿ, ಆ ತಿಂಗಳು ನನಗೆ ಮರೆತುಹೋಗುತ್ತದಾ?”

ಹವಾಲ್ದಾರರ ಮುಖ ಅರಳಿತು. ಬೈಸಿಕೊಂಡದ್ದು ಅವರ ಕಿವಿಗೆ ಬೀಳಲೇ ಇಲ್ಲ. “ಟೀಚರೇ, ಆ ವರ್ಷವೇ ನಮ್ಮ ಮದುವೆ. ಲಗ್ನಪತ್ರಿಕೆ ಇನ್ನೂ ಇದೆ, ತಾರೀಖು ಸಮೇತ. ಅದು ಆಧಾರ ಆಗುತ್ತದಾ? ಅಚ್ಚಾದದ್ದೇ!”

“ಅದರಲ್ಲಿ ಗೋಲು ಯಾರದ್ದು ಅಂತ ಇದೆಯಾ?” ಅಂದರು ಅಕ್ಕ, ಮೆಣಸು ಕೇರುತ್ತ.